ರಕ್ತದ ಚೀಲವನ್ನು ಯಾರು ನೋಡಿದರು?

ಜೂನ್ 17

ಗುಬ್ಬಿ,

ಈ ತಿಂಗಳ ಹನ್ನೊಂದರಂದು, ಮಂಗಳವಾರ ಬೆಳಿಗ್ಗೆ, ನಿನ್ನ ಆಸ್ಪತ್ರೆಯ ದೊಡ್ಡ ಸಭಾಂಗಣದಲ್ಲಿ, ನಿನ್ನನ್ನು ಒಂದು ಮಾತೂ ಕೇಳದೆ, ನಿನ್ನ ಮೇಲ್ವಿಚಾರಕರು ಮೈಕು ಹಿಡಿದು ನಿನ್ನ ಹೆಸರು ಕೂಗಿ ಎದ್ದು ನಿಲ್ಲಿಸಿದರು. "ಇವರಿಗೆ ಆತಂಕದ ಕಾಯಿಲೆ ಇದೆ. ಆದರೂ ನಮ್ಮ ರಕ್ತನಿಧಿಯಲ್ಲಿ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದಾರೆ ನೋಡಿ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಿನ್ನ ಕೈಗೊಂದು ಹೂವಿನ ಕುಂಡ ಕೊಟ್ಟರು. ಅಂದಿನ ಕಾರ್ಯಕ್ರಮದ ಹೆಸರು 'ಮನಸ್ಸಿನ ಆರೋಗ್ಯ: ಅರಿವು ಮತ್ತು ಆದರ'.

ಇದನ್ನು ನೀನು ನನಗೆ ತಿಳಿಸಲಿಲ್ಲ. ನಿನ್ನ ಮಗಳು ಫೋನಿನಲ್ಲಿ ಪರೀಕ್ಷೆಯ ವಿಷಯ ಹೇಳುತ್ತ ಹೇಳುತ್ತ ಬಾಯಿ ತಪ್ಪಿ ಆಡಿದಳು. "ಮಾಮ, ಅಮ್ಮ ಆ ಕುಂಡಕ್ಕೆ ನೀರೇ ಹಾಕ್ತಿಲ್ಲ" ಅಂದಳು. ಯಾವ ಕುಂಡ ಎಂದು ಕೇಳಿದೆ. ಆಮೇಲೆ ಒಂದೊಂದಾಗಿ ಹೊರಬಂತು.

ಮೊದಲಿಗೆ ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ನಿನಗೆ ಯಾವ ಕಾಯಿಲೆಯೂ ಇಲ್ಲ. ನೀನು ಜಾಗ್ರತೆಯವಳು. ನಮ್ಮ ಅಮ್ಮ ಬೀದಿಯ ತಿರುವಿನವರೆಗೆ ಹೋಗಿ, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಬರುತ್ತಿರಲಿಲ್ಲವೆ? ಅಪ್ಪ ಅವಳಿಗೆ 'ರಿಟರ್ನ್ ಟಿಕೆಟ್' ಎಂದು ಹೆಸರಿಟ್ಟಿದ್ದರು. ಅಮ್ಮನಿಗೆ ಕಾಯಿಲೆ ಎಂದು ಯಾರಾದರೂ ಅಂದರಾ? ಯಾರಾದರೂ ಕುಂಡ ಕೊಟ್ಟರಾ? ಎರಡು ಸಲ ನೋಡುವವರನ್ನೆಲ್ಲ ರೋಗಿಗಳೆನ್ನುವುದಾದರೆ ಒಂದು ಸಲವೂ ನೋಡದವರನ್ನು ಏನೆಂದು ಕರೆಯುತ್ತಾರೋ ಕೇಳಬೇಕು.

ನೀನು ನಾಲ್ಕನೇ ತರಗತಿಯಲ್ಲಿದ್ದಾಗ, ಪುಸ್ತಕ ಮರೆತು ಬಂದಿದ್ದೀಯ ಎಂದು ನಿಮ್ಮ ಟೀಚರು ಇಡೀ ಶಾಲೆಯ ಎದುರು ನಿಲ್ಲಿಸಿದ್ದರು. ಪುಸ್ತಕ ನಿನ್ನ ಡೆಸ್ಕಿನಲ್ಲೇ ಇತ್ತು. ಆ ಟೀಚರು ಇವತ್ತಿನವರೆಗೂ ಕ್ಷಮೆ ಕೇಳಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು ಎಂಬುದು ಬೇರೆ ಮಾತು. ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನು ನಾನು. ಕಾಲ ಕಳೆಯಿತು ಎಂದ ಮಾತ್ರಕ್ಕೆ ಯಾರನ್ನೂ ಬಿಡುವವನಲ್ಲ.

ನಿರ್ದೇಶಕರಿಗೆ ಪತ್ರ ಬರೆಯಬೇಕು. ಪತ್ರಿಕೆಗೂ ಬರೆಯಬೇಕು. ನೀನು ಸುಮ್ಮನಿರು, ನಾನು ನೋಡಿಕೊಳ್ಳುತ್ತೇನೆ.

ನಿನ್ನ ಅಣ್ಣ


ಜೂನ್ 25

ಅಣ್ಣಾ,

ಪತ್ರಿಕೆಗೆ ಬರೆಯಬೇಡ. ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀನು ಕೊನೆಯ ತನಕ ಓದುವುದಕ್ಕೆ ಮುಂಚೆಯೇ ಪೆನ್ನು ತೆಗೆಯುವವನು. ಫೋನಿನಲ್ಲಿ ಹೇಳೋಣವೆಂದರೆ ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಕಾಗದದಲ್ಲಿ ಆ ತೊಂದರೆ ಇಲ್ಲ. ನೀನು ಎಷ್ಟೇ ಕೂಗಿದರೂ ನನ್ನ ಸಾಲು ನಿಲ್ಲುವುದಿಲ್ಲ.

ಎರಡನೆಯದು. ನನಗೆ ಕಾಯಿಲೆ ಇದೆ. ಆರು ವರ್ಷದಿಂದ ಇದೆ. ಮಾತ್ರೆ ತೆಗೆದುಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಡಾಕ್ಟರಮ್ಮನ ಹತ್ತಿರ ಹೋಗುತ್ತೇನೆ. ನಿನಗೆ ಹೇಳಲಿಲ್ಲ, ಯಾಕೆಂದರೆ ಈಗ ಬರೆದಿರುವ ಹಾಗೆಯೇ ನೀನು ಬರೆಯುತ್ತೀಯೆಂದು ಗೊತ್ತಿತ್ತು.

ಜಾಗ್ರತೆ ಬೇರೆ, ಇದು ಬೇರೆ. ಕೆಲಸದ ಜಾಗದಲ್ಲಿ ಎರಡು ಸಲ ನೋಡುವುದು ನಿಯಮ. ನಿನಗೆ ನಮ್ಮ ಕೆಲಸ ಗೊತ್ತಿಲ್ಲ, ಹೇಳುತ್ತೇನೆ. ರಕ್ತ ಕೊಡುವ ಕಿಟಕಿಯಲ್ಲಿ ಇಬ್ಬರು ನಿಲ್ಲಬೇಕು. ಒಬ್ಬರ ಕೈಯಲ್ಲಿ ಚೀಲ, ಇನ್ನೊಬ್ಬರ ಕೈಯಲ್ಲಿ ವಾರ್ಡಿನಿಂದ ಬಂದ ಚೀಟಿ. ರೋಗಿಗೆ ಹೊಂದಿಸಿಟ್ಟ ಚೀಲದ ಸಂಖ್ಯೆಯನ್ನು ಆ ಚೀಟಿಯಲ್ಲಿ ಮೊದಲೇ ಬರೆದಿರುತ್ತೇವೆ. ಚೀಲ ಹಿಡಿದವರು ಅದರ ಮೇಲಿರುವ ಸಂಖ್ಯೆ, ಗುಂಪು ಎಲ್ಲ ಜೋರಾಗಿ ಓದುತ್ತಾರೆ. ಚೀಟಿ ಹಿಡಿದವರು ತಮ್ಮ ಚೀಟಿ ನೋಡಿ ತಿರುಗಿ ಹೇಳುತ್ತಾರೆ. ಕಿವಿಗೆ ಬಿದ್ದದ್ದನ್ನಲ್ಲ, ಕಣ್ಣಿಗೆ ಕಂಡದ್ದನ್ನು ಹೇಳಬೇಕು. ಎರಡೂ ಕೂಡಿದರೆ ಮಾತ್ರ ಚೀಲ ಕಿಟಕಿ ದಾಟುತ್ತದೆ. ಅದು ಕಾಯಿಲೆಯಲ್ಲ. ಅಲ್ಲಿ ನಾನು ನೆಮ್ಮದಿಯಾಗಿರುತ್ತೇನೆ, ನಂಬುತ್ತೀಯೋ ಇಲ್ಲವೋ. ಅಲ್ಲಿ ಇನ್ನೊಬ್ಬರು 'ಹೂಂ' ಅಂದರೆ ಆ ವಿಷಯ ಅಲ್ಲಿಗೆ ಮುಗಿಯಿತು.

ಕಾಯಿಲೆ ಮನೆಗೆ ಹೊರಟ ಮೇಲೆ ಶುರುವಾಗುತ್ತದೆ. ಬಸ್ಸಿನಲ್ಲಿ ಕೂತಿರುತ್ತೇನೆ, ಇದ್ದಕ್ಕಿದ್ದ ಹಾಗೆ ಎದೆ ಬಡಿದುಕೊಳ್ಳುತ್ತದೆ, ಕೈ ಮರಗಟ್ಟುತ್ತದೆ, ಈಗಲೇ ಏನೋ ಆಗಿಬಿಡುತ್ತದೆ ಅನಿಸುತ್ತದೆ. ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುತ್ತೇನೆ. ಅಮ್ಮ ತಿರುವಿನಿಂದ ವಾಪಸು ಬರುವಾಗ ನೀವೆಲ್ಲ ನಗುತ್ತಿದ್ದಿರಿ. ಅವಳು ಬೀಗ ಮುಟ್ಟಿ ನೋಡುವಾಗ ಪಕ್ಕದಲ್ಲಿ ಇರುತ್ತಿದ್ದವಳು ನಾನು. ಅವಳ ಕೈ ನಡುಗುತ್ತಿತ್ತು.

ಡಾಕ್ಟರಮ್ಮ ಮನೆಯವರಿಗೂ ಒಂದು ಪಾಠ ಹೇಳಿಕೊಟ್ಟಿದ್ದಾರೆ. ನಾನು "ಒಲೆ ಆರಿಸಿದ್ದೇನಲ್ವಾ?" ಎಂದು ಮತ್ತೆ ಮತ್ತೆ ಕೇಳಿದರೆ ಸಮಾಧಾನಕ್ಕೆಂದು 'ಹೌದು, ಹೌದು' ಅನ್ನಬಾರದಂತೆ. ಆ ಹೌದು ಒಂದು ಗಂಟೆ ಹೊಟ್ಟೆ ತುಂಬಿಸುತ್ತದೆ, ಆಮೇಲೆ ಹಸಿವು ಎರಡರಷ್ಟು. ಅದಕ್ಕೆ ಮಗಳು, "ನನಗೇನು ಗೊತ್ತು, ನೀನೇ ಹೇಳಮ್ಮ" ಅನ್ನುತ್ತಾಳೆ. ಮೊದಮೊದಲು ಅವಳ ಮೇಲೆ ಸಿಟ್ಟು ಬರುತ್ತಿತ್ತು. ಈಗ ಆ ಮಾತು ಕೇಳಿದರೆ ಅರ್ಧ ವಾಸಿ.

ಸಭೆಯ ವಿಷಯ. ಡಾಕ್ಟರಮ್ಮನ ಬಳಿ ಹೋಗಲು ರಜೆ ಬೇಕಿತ್ತು, ಹಾಗಾಗಿ ಮೇಲ್ವಿಚಾರಕರಿಗೆ ಬಾಗಿಲು ಮುಚ್ಚಿ ಹೇಳಿದ್ದೆ. ಅವರು ಅದನ್ನು ಮೈಕಿನಲ್ಲಿ ಹೇಳಿದರು. ಕೆಟ್ಟ ಮನುಷ್ಯರಲ್ಲ. ಹೇಳಿ ಮುಗಿಸಿ, ಒಳ್ಳೆಯದು ಮಾಡಿದೆ ಅನ್ನುವ ಮುಖ ಮಾಡಿಕೊಂಡು ನನ್ನ ಕಡೆ ನೋಡಿದರು. ನಾನೂ ನಕ್ಕೆ. ಮತ್ತೇನು ಮಾಡಲಿ, ಕೈಯಲ್ಲಿ ಕುಂಡ ಇತ್ತು.

ನನಗೆ ನನ್ನ ಕಿಟಕಿ ಇದ್ದರೆ ಸಾಕು. ಪತ್ರಿಕೆಗೆ ಬರೆಯಬೇಡ.

ಗುಬ್ಬಿ


ಜುಲೈ 3

ಗುಬ್ಬಿ,

ನಿನ್ನ ಪತ್ರ ಓದಿದ ದಿನ ಪತ್ರಿಕೆಯನ್ನೂ ಬಿಡಿಸಿ ನೋಡಲಿಲ್ಲ. ನಿನ್ನ ಅತ್ತಿಗೆ, "ಏನ್ರೀ, ದೇಶದಲ್ಲಿ ಇವತ್ತು ಯಾವ ಅನ್ಯಾಯವೂ ಆಗಿಲ್ವಾ?" ಎಂದು ಕೇಳಿದಳು.

ಆತಂಕದ ಬಗ್ಗೆ ಗ್ರಂಥಾಲಯದಿಂದ ಮೂರು ಪುಸ್ತಕ ತಂದು ಓದಿದೆ. ಒಂದನ್ನು ಅಂಗಡಿಯಲ್ಲಿ ಕೊಂಡು ನಿನಗೆ ಕಳಿಸುತ್ತಿದ್ದೇನೆ. ಉಸಿರಾಟದ ಅಧ್ಯಾಯಕ್ಕೆ ಗುರುತು ಹಾಕಿದ್ದೇನೆ. ಇದು ಪರೀಕ್ಷೆ ಮಾಡಿ ಕಂಡುಕೊಂಡ ಕಾಯಿಲೆ, ಮನಸ್ಸಿನ ದೌರ್ಬಲ್ಯವಲ್ಲ ಎಂದು ಮೂರೂ ಪುಸ್ತಕಗಳು ಹೇಳುತ್ತವೆ. ಹಾಗಿದ್ದರೂ ನಿನ್ನದು ಅಷ್ಟೇನೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಪುಸ್ತಕದಲ್ಲಿರುವ ಲಕ್ಷಣಗಳಲ್ಲಿ ಅರ್ಧದಷ್ಟು ನನಗೂ ಇವೆ.

ನಿನ್ನ ಮಾತಿಗೆ ಬೆಲೆ ಕೊಡುತ್ತೇನೆ. ಇನ್ನು ಮುಂದೆ ನಿನ್ನನ್ನು ಕೇಳದೆ ಏನೂ ಬರೆಯುವುದಿಲ್ಲ. ಕಿಟಕಿಯಲ್ಲಿ ಎಲ್ಲ ಸರಿಯಾಗಿದೆಯಷ್ಟೆ?

ಅಣ್ಣ


ಜುಲೈ 14

ಅಣ್ಣಾ,

ಪುಸ್ತಕ ಬಂತು. ಮಗಳು ಓದುತ್ತಿದ್ದಾಳೆ.

ಕೆಲಸದಲ್ಲಿ ಎಲ್ಲರೂ ತುಂಬ ಒಳ್ಳೆಯವರಾಗಿದ್ದಾರೆ. ನನ್ನ ಜೊತೆ ಚೀಟಿ ಹಿಡಿಯುವ ಹುಡುಗ ಹೊಸಬ. ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಉದ್ದಣ್ಣ ಅನ್ನುತ್ತೇವೆ. ಮುಂಚೆ ಮಾತುಮಾತಿಗೆ ನನ್ನ ತಪ್ಪು ಹಿಡಿಯುತ್ತಿದ್ದ. "ಅಕ್ಕಾ, ಏಳಲ್ಲ ಅದು, ಒಂದು. ಕನ್ನಡಕ ಒರೆಸ್ಕೊಳ್ಳಿ" ಅನ್ನುತ್ತಿದ್ದ. ಈಗ ಏನು ಹೇಳಿದರೂ "ಸರಿ ಅಕ್ಕಾ". ಮೊನ್ನೆ ಟೀ ಕುಡಿಯುವಾಗ ಇದಕ್ಕೆ ಉಪ್ಪು ಬಿದ್ದಿದೆ ಅಂದೆ. ಬಿದ್ದಿರಲಿಲ್ಲ. ಅವನು ಒಂದು ಗುಟುಕು ಕುಡಿದು, "ಹೌದಕ್ಕಾ, ಸ್ವಲ್ಪ ಉಪ್ಪಿದೆ" ಅಂದ.

ಇನ್ನೊಂದು. ನೋಟಿಸ್ ಬೋರ್ಡಿನಲ್ಲಿ ಪತ್ರಿಕೆಯ ಒಂದು ತುಣುಕು ಅಂಟಿಸಿದ್ದಾರೆ. ಓದುಗರ ಪತ್ರ. ಜೂನ್ 23ರದು. ಯಾರೋ 'ಒಬ್ಬ ನೊಂದ ನಾಗರಿಕ' ಬರೆದದ್ದು. ಒಂದು ದೊಡ್ಡ ಆಸ್ಪತ್ರೆಯ ರಕ್ತನಿಧಿಯ ಮಹಿಳೆಯನ್ನು ಸಭೆಯಲ್ಲಿ ಅವಮಾನಿಸಿದರಂತೆ, 'ನಾಚಿಕೆಗೇಡು' ಎಂಬ ಮಾತು ಮೂರು ಸಲ ಬಂದಿದೆ. ರಕ್ತನಿಧಿಯಲ್ಲಿ ಹೆಂಗಸು ಅಂತ ಇರುವವಳು ನಾನೊಬ್ಬಳೆ.

ಮಗಳು ಚೆನ್ನಾಗಿದ್ದಾಳೆ.

ಗುಬ್ಬಿ


ಜುಲೈ 20

ಗುಬ್ಬಿ,

ಪತ್ರಿಕೆಗೆ ಬರೆಯಬೇಡ ಎಂದ ನಿನ್ನ ಪತ್ರ ನನ್ನ ಕೈ ಸೇರುವ ಮೊದಲೇ ಅದನ್ನು ಅಂಚೆಗೆ ಹಾಕಿ ಆಗಿತ್ತು. ಹೆಸರು ಬರೆದಿಲ್ಲ, ಊರು ಬರೆದಿಲ್ಲ, ಆಸ್ಪತ್ರೆಯ ಹೆಸರನ್ನೂ ಬರೆದಿಲ್ಲ. ಸಂಪಾದಕರು ಎರಡು ಪ್ಯಾರಾ ಕತ್ತರಿಸಿದ್ದಾರೆ, ಇಲ್ಲದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಮೂರನೇ ತಾರೀಖಿನ ಪತ್ರದಲ್ಲಿ ಹೇಳಲಿಲ್ಲ ಎಂದರೆ ಅದಕ್ಕೆ ಕಾರಣ, ಅಚ್ಚಾಗಿ ಹೋದದ್ದನ್ನು ಹೇಳಿ ನಿನ್ನ ಮನಸ್ಸು ಯಾಕೆ ಕೆಡಿಸಲಿ ಎಂಬುದಷ್ಟೆ.

ಅಂಥ ತಪ್ಪೇನಾಯಿತು? ತುಣುಕನ್ನು ಅವರೇ ಬೋರ್ಡಿಗೆ ಅಂಟಿಸಿದ್ದಾರೆಂದರೆ ಚುರುಕು ಮುಟ್ಟಿದೆ ಎಂದೇ ಅರ್ಥ. ಎಲ್ಲರೂ ನಿನ್ನ ಜೊತೆ ಒಳ್ಳೆಯವರಾಗಿದ್ದಾರೆ ಎಂದು ನೀನೇ ಬರೆದಿದ್ದೀಯ.

ಸಿಟ್ಟಿದ್ದರೆ ಸಿಟ್ಟೆಂದು ಬರಿ. ಮಗಳು ಚೆನ್ನಾಗಿದ್ದಾಳೆ ಎಂದು ಮುಗಿಸಬೇಡ.

ಅಣ್ಣ


ಆಗಸ್ಟ್ 11

ಗುಬ್ಬಿ,

ನೀನು ಬರೆಯಲಿಲ್ಲ. ಫೋನು ಮಾಡಿದರೆ ಮಗಳು ಎತ್ತಿ, "ಅಮ್ಮ ಮಲಗಿದಾಳೆ ಮಾಮ" ಅನ್ನುತ್ತಾಳೆ. ಮಧ್ಯಾಹ್ನ ಮಾಡಿದರೂ ಅದೇ, ಸಂಜೆ ಮಾಡಿದರೂ ಅದೇ. ಕೊನೆಗೆ ನಿನ್ನೆ ಜಬರದಸ್ತಿ ಮಾಡಿ ಕೇಳಿದ ಮೇಲೆ ಹೇಳಿದಳು. ಕಿಟಕಿಯಲ್ಲಿ ನಿಂತಿದ್ದಾಗ ನಿನಗೆ ಆತಂಕ ಉಕ್ಕಿ ಬಂತಂತೆ. ರಕ್ತದ ಚೀಲ ಕೊಡಲಾರೆ ಎಂದು ಹಿಡಿದುಕೊಂಡು ನಿಂತುಬಿಟ್ಟೆಯಂತೆ. ಯಾರದೋ ಆಪರೇಷನ್ ತಡವಾಯಿತಂತೆ. ನಿನ್ನನ್ನು ರಜೆಯ ಮೇಲೆ ಕಳಿಸಿದ್ದಾರಂತೆ.

ಇಷ್ಟು ದಿನ ನಾನು ನಂಬಿರಲಿಲ್ಲ. ಈಗ ಒಪ್ಪುತ್ತೇನೆ. ನಿನಗೆ ಕಾಯಿಲೆ ಇದೆ. ನಾಚಿಕೆಪಡುವಂಥದ್ದು ಏನೂ ಇಲ್ಲ. ಸಕ್ಕರೆ ಕಾಯಿಲೆಯ ಹಾಗೆಯೇ ಇದೂ ಒಂದು.

ಹಾಗಿರುವಾಗ ಅಂಥ ಜಾಗದಲ್ಲಿ ಯಾಕೆ ನಿಲ್ಲಬೇಕು? ರಕ್ತ, ಜೀವ, ಅವಸರ. ನಿನ್ನಂಥವರಿಗೆ ಅದು ಹೇಳಿಸಿದ ಕೆಲಸವಲ್ಲ. ರಾಜೀನಾಮೆ ಕೊಟ್ಟುಬಿಡು. ಮಗಳನ್ನು ಕರೆದುಕೊಂಡು ಇಲ್ಲಿಗೆ ಬಾ. ಮಹಡಿಯ ಕೋಣೆ ಖಾಲಿ ಇದೆ, ಬೆಳಕು ಚೆನ್ನಾಗಿ ಬರುತ್ತದೆ. ನಿನ್ನ ಅತ್ತಿಗೆ ಆಗಲೇ ಪರದೆ ಒಗೆದು ಹಾಕಿದ್ದಾಳೆ. ಯಾರೂ ನಿನಗೆ ಎದುರು ಮಾತಾಡುವುದಿಲ್ಲ. ನೀನು ಏನು ಹೇಳಿದರೂ ಸರಿ.

ಅಣ್ಣ


ಆಗಸ್ಟ್ 19

ಅಣ್ಣಾ,

'ನೀನು ಏನು ಹೇಳಿದರೂ ಸರಿ' ಎಂದು ಬರೆದಿದ್ದೀಯ. ಆ ಸಾಲು ಓದಿದ ಮೇಲೆಯೇ ಹಾಸಿಗೆಯಿಂದ ಎದ್ದು ಕೂತು ಇದನ್ನು ಬರೆಯುತ್ತಿದ್ದೇನೆ. ಜೂನ್‌ನಲ್ಲಿ ನಿನ್ನ ಪ್ರಕಾರ ನನಗೆ ಏನೂ ಇರಲಿಲ್ಲ. ಆಗಸ್ಟ್‌ನಲ್ಲಿ ನನ್ನಲ್ಲಿ ಅದು ಬಿಟ್ಟು ಬೇರೆ ಏನೂ ಇಲ್ಲ. ಎರಡು ತಿಂಗಳಲ್ಲಿ ನನ್ನನ್ನು ಈ ಕೊನೆಯಿಂದ ಆ ಕೊನೆಗೆ ಹೊತ್ತುಕೊಂಡು ಹೋಗಿ ಇಟ್ಟೆ. ನಡುವೆ ಎಲ್ಲಾದರೂ ಇಳಿಸಿ, ಏನಾಯಿತು ಎಂದು ಕೇಳಿದೆಯಾ?

ಆಗಿದ್ದು ಇದು.

ನಿನ್ನ ಓದುಗರ ಪತ್ರ ಬಂದ ವಾರದಲ್ಲೇ ವಿಭಾಗದಲ್ಲಿ ಒಂದು ಸೂಚನೆ ಬಂತು. ನನ್ನ ಮನಸ್ಸಿಗೆ ಬೇಸರವಾಗುವ ಹಾಗೆ ಯಾರೂ ಮಾತಾಡಬಾರದು, ನನ್ನ ಮಾತಿಗೆ ಎದುರಾಡಬಾರದು, ಧೈರ್ಯ ತುಂಬಬೇಕು. ಮತ್ತೆ ಪತ್ರಿಕೆಯಲ್ಲಿ ಬರಬಾರದಲ್ಲ, ಅದಕ್ಕೆ. ಉದ್ದಣ್ಣನ ನೌಕರಿ ಇನ್ನೂ ಕಾಯಂ ಆಗಿಲ್ಲ. ಅವನು ಹೆದರಿದ. ಅಂದಿನಿಂದ ನಾನು ಚೀಲ ಓದುವುದು ಮುಗಿಯುವ ಮೊದಲೇ ಅವನ ಕಡೆಯಿಂದ "ಸರಿ ಇದೆ ಅಕ್ಕಾ" ಬರುತ್ತಿತ್ತು. ಚೀಟಿ ಅವನ ಕೈಯಲ್ಲಿ ಇರುತ್ತಿತ್ತು. ಕಣ್ಣು ನನ್ನ ಮುಖದ ಮೇಲೆ.

ಕಳೆದ ತಿಂಗಳ ಮೂವತ್ತರಂದು ಬೆಳಿಗ್ಗೆ ಆಪರೇಷನ್ ಕೋಣೆಯಿಂದ ಒಂದು ಚೀಲಕ್ಕೆ ಚೀಟಿ ಬಂತು. ಬಿ ಪಾಸಿಟಿವ್. ಚೀಲ ತೆಗೆದುಕೊಂಡೆ. ಇವನು ನೋಡುತ್ತಿದ್ದಾನೋ ಇಲ್ಲವೋ ತಿಳಿಯಬೇಕಿತ್ತು. ಬೇಕೆಂದೇ ತಪ್ಪು ಓದಿದೆ.

"ಎ ನೆಗೆಟಿವ್" ಅಂದೆ.

"ಎ ನೆಗೆಟಿವ್, ಸರಿ ಅಕ್ಕಾ" ಅಂದ.

"ಉದ್ದಣ್ಣ, ಚೀಟಿ ನೋಡಿ ಹೇಳಪ್ಪ."

"ನೋಡ್ದೆ ಅಕ್ಕಾ. ಸರಿ ಇದೆ. ನೀವು ಟೆನ್ಷನ್ ಮಾಡ್ಕೋಬೇಡಿ."

"ಓ ಪಾಸಿಟಿವ್."

"ಓ ಪಾಸಿಟಿವ್. ಸರಿ ಇದೆ."

ಚೀಲ ಕೆಳಗಿಟ್ಟೆ. ಇನ್ನೊಬ್ಬರು ಬಂದು ಚೀಟಿ ಓದದೆ ಇದನ್ನು ಕೊಡುವುದಿಲ್ಲ ಅಂದೆ. ಮೇಲ್ವಿಚಾರಕರು ಬಂದರು. ಇನ್ನಿಬ್ಬರು ಬಂದರು. ಒಬ್ಬರು ನೀರು ತಂದರು, ಒಬ್ಬರು ಕುರ್ಚಿ ಎಳೆದರು. ಮೇಲ್ವಿಚಾರಕರು ನನ್ನ ಭುಜ ಹಿಡಿದು, "ಎಲ್ಲ ಸರಿಯಾಗಿದೆ ಅಮ್ಮಾ, ನಾನು ಹೇಳ್ತಿದೀನಲ್ಲ, ನಿಧಾನ ಉಸಿರು ಬಿಡಿ" ಅಂದರು. "ಸರ್, ಉಸಿರು ಆಮೇಲೆ ಬಿಡ್ತೀನಿ, ಮೊದಲು ಚೀಟಿ ಓದಿ" ಅಂದೆ. "ಆಯ್ತು ಆಯ್ತು" ಅಂದರು. ಚೀಟಿ ಮೇಜಿನ ಮೇಲೆ ಎಲ್ಲರ ಕೈಗೆ ಎಟಕುವ ಹಾಗೆ ಬಿದ್ದಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಿಟಕಿಯ ಆಚೆ ರೋಗಿಯ ಹೆಂಡತಿ, "ಏನಾಯ್ತು, ಯಾರಾದ್ರೂ ಹೇಳ್ರೀ" ಎಂದು ಕೇಳುತ್ತಲೇ ಇದ್ದಳು.

ಅಷ್ಟರಲ್ಲಿ ಮೇಲಿನಿಂದ ಒಬ್ಬ ನರ್ಸು ಓಡಿ ಬಂದಳು. ಆಪರೇಷನ್ ಕೋಣೆಯವಳು, ನನ್ನ ಪರಿಚಯವಿಲ್ಲ, ಸಭೆಗೂ ಬಂದಿರಲಿಲ್ಲ. "ಏನ್ರೀ ಇದು, ಅಲ್ಲಿ ಡಾಕ್ಟ್ರು ಕೈ ತೊಳ್ಕೊಂಡು ನಿಂತಿದಾರೆ" ಅಂದಳು. ಕಿಟಕಿಯಿಂದ ಚೀಟಿ ಅವಳ ಕೈಗೆ ಕೊಟ್ಟೆ. ಚೀಲ ಎತ್ತಿಕೊಂಡು ಓದಿದೆ. ಸಂಖ್ಯೆಯ ಕೊನೆಗೆ ಮೂರು ಇತ್ತು, ಎಂಟು ಅಂದೆ.

"ಎಂಟಲ್ರೀ, ಮೂರು. ಕಣ್ಣು ಕಾಣ್ಸಲ್ವಾ ನಿಮಗೆ?" ಅಂದಳು.

ಅಣ್ಣಾ, ಆ ಬೈಗುಳ ಕೇಳಿ ನನಗೆ ಅಳು ಬಂದುಬಿಟ್ಟಿತು. ಅಷ್ಟು ದಿನಗಳಿಂದ ಯಾರೂ ನನಗೆ 'ಇಲ್ಲ' ಅಂದಿರಲಿಲ್ಲ. ಮತ್ತೆ ಮೊದಲಿನಿಂದ ಸರಿಯಾಗಿ ಓದಿದೆ, ಅವಳು ಚೀಟಿಯ ಮೇಲೆ ಬೆರಳಿಟ್ಟು ತಿರುಗಿ ಹೇಳಿದಳು, ಚೀಲ ಕೊಟ್ಟೆ. ಆಪರೇಷನ್ ಮುಕ್ಕಾಲು ಗಂಟೆ ತಡವಾಗಿ ನಡೆಯಿತು. ರೋಗಿ ಚೆನ್ನಾಗಿದ್ದಾನೆ. ಅವನನ್ನೂ ಅವನ ಹೆಂಡತಿಯನ್ನೂ ಅಷ್ಟು ಹೊತ್ತು ಕಾಯಿಸಿದ್ದು ನಾನೇ. ಅದನ್ನು ಮರೆತಿಲ್ಲ.

ನನ್ನ ಅಳು ಈಗ ವರದಿಯಲ್ಲಿದೆ. 'ಆತಂಕದ ತೀವ್ರ ದಾಳಿಗೆ ಒಳಗಾಗಿ, ಅಳುತ್ತಾ, ಸರಿಯಾಗಿದ್ದ ಚೀಲವನ್ನು ಕೊಡಲು ನಿರಾಕರಿಸಿದರು.' ಹೌದು, ಚೀಲ ಸರಿಯಾಗಿಯೇ ಇತ್ತು. ಒಂದು ವೇಳೆ ಅದು ತಪ್ಪಾಗಿದ್ದಿದ್ದರೆ ಇವತ್ತು ನನಗೆ ಇನ್ನೊಂದು ಕುಂಡ ಸಿಗುತ್ತಿತ್ತು. ಸರಿ ಇದ್ದದ್ದೇ ನನ್ನ ಮೇಲಿನ ದೂರಿಗೆ ಸಾಕ್ಷಿಯಾಗಿದೆ. ಅದು ಸರಿ ಎಂದು ಆ ಹೊತ್ತಿನಲ್ಲಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಾನು ಹೇಳುವುದು ಅಷ್ಟೆ.

ಅವತ್ತು ನನಗೆ ಆತಂಕ ಆಗಿರಲಿಲ್ಲವೆ? ಆಗಿತ್ತು. ಎದೆ ಬಡಿದುಕೊಳ್ಳುತ್ತಿತ್ತು, ಬೆರಳು ಮರಗಟ್ಟಿತ್ತು. ಆ ಬೆರಳಿನಲ್ಲೇ ಚೀಲ ಹಿಡಿದು ಸರಿಯಾದ ಕೆಲಸ ಮಾಡಿದೆ. ಎರಡೂ ನಿಜ. ಒಂದು ನಿಜ ಎಂದಾಕ್ಷಣ ಇನ್ನೊಂದು ಸುಳ್ಳು ಅಂದುಕೊಳ್ಳುತ್ತೀರಲ್ಲ, ನೀನೂ ಅವರೂ, ಅದನ್ನು ಹೇಗೆ ಬಿಡಿಸಿ ಹೇಳಲಿ.

ನನ್ನನ್ನು ಇನ್ನು ಕಿಟಕಿಗೆ ಕಳಿಸುವುದಿಲ್ಲವಂತೆ. ರಕ್ತ ಕೊಡಲು ಬರುವವರನ್ನು ಸ್ವಾಗತಿಸುವ ಮೇಜಿನ ಹತ್ತಿರ ಕೂರಿಸುತ್ತಾರಂತೆ. 'ಕರುಣೆಯ ದೃಷ್ಟಿಯಿಂದ' ಎಂದು ಬರೆದಿದ್ದಾರೆ. ಕುಂಡವನ್ನು ಆ ಮೇಜಿನ ಮೇಲೆ ಇಡಬಹುದಂತೆ.

ಉದ್ದಣ್ಣ ಮೊನ್ನೆ ಮನೆಗೆ ಬಂದಿದ್ದ. ಸೋಫಾದ ಅಂಚಿನಲ್ಲಿ ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತು, "ಅಕ್ಕಾ, ನಾನು ಚೀಟಿ ನೋಡ್ಲಿಲ್ಲ. ನಿಮ್ಮ ಮುಖಾನೇ ನೋಡ್ತಿದ್ದೆ" ಅಂದ. ಇದನ್ನು ಅಲ್ಲಿ ಹೇಳ್ತೀಯಾ ಎಂದು ಕೇಳಿದೆ. "ಕೇಳಿದ್ರೆ ಹೇಳ್ತೀನಿ ಅಕ್ಕಾ. ಯಾರೂ ಕೇಳ್ತಾನೇ ಇಲ್ಲ. ವರದಿ ಬರೆದವರೂ ಕೇಳ್ಲಿಲ್ಲ. ನಿಮ್ಮ ಅಕ್ಕಂಗೆ ಎಷ್ಟು ಹೊತ್ತು ನಡುಕ ಇತ್ತು ಅಂತಷ್ಟೇ ಕೇಳಿದ್ರು" ಅಂದ.

ಮಹಡಿಯ ಕೋಣೆ ಬೇಡ. ಈಗ ನೀನು ಒಂದು ಕೆಲಸ ಮಾಡು. ನಾನು ಮೇಲೆ ಹೇಳಿದ್ದನ್ನೆಲ್ಲ ನಿನ್ನ ಮಾತಿನಲ್ಲಿ ತಿರುಗಿ ಹೇಳು. ನಿನ್ನ ನೆನಪಿನಿಂದಲ್ಲ, ನಿನ್ನ ಮೂರು ಪುಸ್ತಕದಿಂದಲ್ಲ. ಈ ಕಾಗದ ನೋಡಿ ಹೇಳು. ಕೂಡಿದರೆ ಮುಂದಿನ ಮಾತು.

ಗುಬ್ಬಿ


ಆಗಸ್ಟ್ 26

ಗುಬ್ಬಿ,

ಕಾಗದ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ.

ನಿನಗೆ ಆತಂಕದ ಕಾಯಿಲೆ ಇದೆ. ಅದಕ್ಕೆ ನೀನು ಚಿಕಿತ್ಸೆ ಪಡೆಯುತ್ತಿದ್ದೀಯ. ಅದನ್ನು ಗುಟ್ಟಾಗಿ ಹೇಳಿದ್ದೆ, ಮೇಲ್ವಿಚಾರಕರು ಸಭೆಯಲ್ಲಿ ಹೇಳಿದರು. ಆಮೇಲೆ ನಿನ್ನ ಅಣ್ಣ ಪತ್ರಿಕೆಯಲ್ಲಿ ಹೇಳಿದ. ಆ ಬರಹಕ್ಕೆ ಹೆದರಿ ವಿಭಾಗದವರು ನಿನಗೆ ಎದುರಾಡಬಾರದು ಎಂದು ಸೂಚನೆ ಹೊರಡಿಸಿದರು. ಇಲ್ಲ ಅನ್ನಬಾರದು ಎಂದಮೇಲೆ ಚೀಟಿ ನೋಡುವ ಅಗತ್ಯವೇ ಉಳಿಯಲಿಲ್ಲ. ಜುಲೈ ಮೂವತ್ತರಂದು ನೀನು ಬೇಕೆಂದೇ ತಪ್ಪು ಓದಿದೆ, ಎರಡು ಸಲವೂ ಸರಿ ಎಂಬ ಉತ್ತರ ಬಂತು. ನೋಡದೆ ಕೊಡುವುದಿಲ್ಲ ಎಂದೆ. ಒಬ್ಬ ನರ್ಸು ನೋಡಿದಳು, ಕೊಟ್ಟೆ. ಚೀಲ ಸರಿಯಾಗಿತ್ತು. ನಿನಗೆ ಆಗ ಆತಂಕ ಇತ್ತು. ನೀನು ಮಾಡಿದ್ದು ಸರಿಯಾಗಿತ್ತು.

ಸೂಚನೆಯ ಸಾಲನ್ನು ಬರೆಯುವಾಗ ಎರಡು ಸಲ ಪೆನ್ನು ಕೆಳಗಿಟ್ಟೆ. ಅದರ ಬಗ್ಗೆ ಇಲ್ಲಿ ಉದ್ದ ಮಾತು ಬರೆಯುವುದಿಲ್ಲ. ಬರೆದರೆ ಈ ಕಾಗದವೂ ನನ್ನದೇ ಆಗಿಬಿಡುತ್ತದೆ.

ನಿರ್ದೇಶಕರಿಗೆ ಒಂದು ಕರಡು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಅಂಚೆಗೆ ಹಾಕಿಲ್ಲ, ಯಾರಿಗೂ ತೋರಿಸಿಲ್ಲ, ನಿನ್ನ ಅತ್ತಿಗೆಗೂ ಸಹ. ಬೇಡ ಎಂದರೆ ಹರಿದು ಹಾಕು.

ಒಂದು ಪ್ರಶ್ನೆ, ಉತ್ತರ ಬೇಕೆಂದೇನೂ ಇಲ್ಲ. ಅಮ್ಮನಿಗೆ ಯಾರಾದರೂ ಔಷಧಿ ಕೊಡಿಸಬಹುದಿತ್ತೆ?

ಅಣ್ಣ


ಸೆಪ್ಟೆಂಬರ್ 2

ಅಣ್ಣಾ,

ಕೂಡಿತು. ಒಂದು ಕಡೆ ಮಾತ್ರ ತಪ್ಪು: ಉದ್ದಣ್ಣನ ಹೆದರಿಕೆ ಬಿಟ್ಟಿದ್ದೀಯ. ಅವನಿಗೂ ಒಂದು ಆತಂಕ ಇತ್ತು, ಅದಕ್ಕೆ ಯಾರೂ ಕುರ್ಚಿ ತರಲಿಲ್ಲ.

ಕರಡನ್ನು ಹರಿದು ಹಾಕಿಲ್ಲ, ಹೊಡೆದು ಹಾಕಿದ್ದೇನೆ. 'ಅಬಲೆ' ತೆಗೆದೆ. 'ಧೀರೆ' ಅದಕ್ಕಿಂತ ಮೊದಲು ತೆಗೆದೆ. 'ನಾಚಿಕೆಗೇಡು' ಈ ಸಲ ನಾಲ್ಕಿತ್ತು, ಎಲ್ಲ ಹೋಯಿತು. 'ಸಂಪೂರ್ಣ ಆರೋಗ್ಯವಂತಳಾದ ನನ್ನ ತಂಗಿ' ಎಂಬ ಸಾಲು ಇನ್ನೂ ಹೇಗೆ ಉಳಿದುಕೊಂಡಿತ್ತೋ ನಿನ್ನ ಪೆನ್ನಿಗೇ ಗೊತ್ತು. ನಾಲ್ಕನೇ ತರಗತಿಯ ಟೀಚರನ್ನೂ ಕೈಬಿಟ್ಟೆ. ಅವರು ಉತ್ತರಿಸುವ ಸ್ಥಿತಿಯಲ್ಲಿಲ್ಲ. ಕೊನೆಯ ಪ್ಯಾರಾ ಚೆನ್ನಾಗಿದೆ, 'ನನ್ನ ತಂಗಿ' ಇದ್ದ ಕಡೆ 'ನಾನು' ಮಾಡಿದ್ದು ಬಿಟ್ಟರೆ ಅದಕ್ಕೆ ಕೈ ಹಚ್ಚಿಲ್ಲ. ಉಳಿದದ್ದನ್ನು ನಾನೇ ಹೊಸದಾಗಿ ಬರೆದು ಇವತ್ತು ಕಳಿಸಿದೆ. ಪತ್ರಿಕೆಗೂ ಒಂದು ಪ್ರತಿ ಹೋಗಿದೆ, ಈ ಸಲ ನನ್ನ ಹೆಸರಿನಲ್ಲಿ. ಉದ್ದಣ್ಣನಿಗೆ ಮೊದಲು ಓದಿ ಹೇಳಿದೆ. ನಡುವೆ ಒಂದು ಕಡೆ ತಡೆದು, "ಇದು ಹಾಗಲ್ಲ ಅಕ್ಕಾ, ನಾನು ಎರಡನೇ ಸಲ 'ಅಕ್ಕಾ' ಅಂದಿರಲಿಲ್ಲ" ಅಂದ. ತಿದ್ದಿದೆ.

ಪತ್ರ ಡಬ್ಬಿಗೆ ಹಾಕಿ ಹೊರಟೆ. ಹಾಕಿದೆನೋ ಇಲ್ಲವೋ ಎಂದು ತಿರುವಿನಿಂದ ಒಂದು ಸಲ ವಾಪಸು ಹೋದೆ. ಎರಡನೇ ಸಲ ಹೋಗಲಿಲ್ಲ.

ಅಮ್ಮನ ವಿಷಯ: ಕೊಡಿಸಬಹುದಿತ್ತು.

ಗುಬ್ಬಿ


(ಇದರ ಜೊತೆಗೆ ಇಟ್ಟ ಪ್ರತಿ)

ಸೆಪ್ಟೆಂಬರ್ 2

ಆಸ್ಪತ್ರೆಯ ನಿರ್ದೇಶಕರಿಗೆ,

ಜೂನ್ 11ರಂದು ನಮ್ಮ ದೊಡ್ಡ ಸಭಾಂಗಣದಲ್ಲಿ, ಸಿಬ್ಬಂದಿಯ ಎದುರು, ನನ್ನ ಅನುಮತಿ ಇಲ್ಲದೆ ನನ್ನ ಕಾಯಿಲೆಯನ್ನು ಪ್ರಕಟಿಸಲಾಯಿತು. ಜುಲೈ 30ರಂದು ಅದೇ ಕಾಯಿಲೆಯ ಹೆಸರಿನಲ್ಲಿ ನನ್ನನ್ನು ಕೆಲಸದ ಕಿಟಕಿಯಿಂದ ತೆಗೆಯಲಾಯಿತು. ನನಗೆ ಆತಂಕದ ಕಾಯಿಲೆ ಇರುವುದು ನಿಜ. ಅದನ್ನು ಈಗ ನಾನೇ ಹೇಳುತ್ತಿದ್ದೇನೆ. ಆ ದಿನ ಆಪರೇಷನ್ ಮುಕ್ಕಾಲು ಗಂಟೆ ತಡವಾದದ್ದೂ ನಿಜ. ಆದರೆ ತಡವಾದದ್ದು ನನ್ನ ಆತಂಕದಿಂದಲ್ಲ. ನಾನು ಓದಿದ ತಪ್ಪು ಗುಂಪನ್ನು ನನ್ನ ಜೊತೆಯವರು ಎರಡು ಸಲ ಸರಿ ಎಂದರು, ಏಕೆಂದರೆ ನನಗೆ ಇಲ್ಲ ಅನ್ನಬಾರದೆಂದು ಅವರಿಗೆ ಸೂಚನೆ ಇತ್ತು. ಅವರನ್ನು ಶಿಕ್ಷಿಸಬೇಡಿ. ಆ ಸೂಚನೆ ಕೊಟ್ಟವರು ಉತ್ತರ ಹೇಳಲಿ.

ನನಗೆ ಸ್ವಾಗತದ ಮೇಜು ಬೇಡ. ಕುಂಡವನ್ನು ಬೇರೆಯಾಗಿ ಹಿಂತಿರುಗಿಸುತ್ತಿದ್ದೇನೆ. ಗಿಡ ಬದುಕಿದೆ, ನೀರು ಹಾಕಿ. ನನಗೆ ನನ್ನ ಕಿಟಕಿ ಬೇಕು, ಮತ್ತು ನಾನು ತಪ್ಪು ಓದಿದಾಗ ತಪ್ಪು ಎನ್ನುವ ಒಬ್ಬ ಜೊತೆಗಾರ ಬೇಕು.

ನಿಮ್ಮ ಕೋಣೆಗೆ ಕರೆದು ಬಾಗಿಲು ಮುಚ್ಚಿ ಹೇಳುವ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಕಾಯಿಲೆಯನ್ನು ಸಭೆಯಲ್ಲಿ ಹೇಳಿದ್ದೀರಿ, ಉತ್ತರವನ್ನೂ ಸಭೆಯಲ್ಲೇ ಹೇಳಿ. ಅದೇ ಸಭಾಂಗಣಕ್ಕೆ, ಅವತ್ತು ಚಪ್ಪಾಳೆ ತಟ್ಟಿದವರನ್ನೆಲ್ಲ ಕರೆಯಿರಿ. ಅದೇ ಮೈಕು ಹಿಡಿದು, ಜುಲೈ 30ರಂದು ಆ ಕೋಣೆಯಲ್ಲಿದ್ದ ಒಬ್ಬೊಬ್ಬರನ್ನೂ ಕೇಳಿ: ರಕ್ತದ ಚೀಲವನ್ನು ಯಾರು ನೋಡಿದಿರಿ? ಚೀಟಿಯನ್ನು ಯಾರು ನೋಡಿದಿರಿ? ಉತ್ತರವನ್ನು ಜೋರಾಗಿ ಹೇಳಿಸಿ. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ಕೂಡಿದರೆ ಸರಿ ಎನ್ನುತ್ತೇನೆ. ಕೂಡದಿದ್ದರೆ ಎಲ್ಲರಿಗೂ ಕೇಳುವ ಹಾಗೆ ಇಲ್ಲ ಎನ್ನುತ್ತೇನೆ.

(ಹೆಸರು, ಸಹಿ)
ಹಿರಿಯ ತಂತ್ರಜ್ಞೆ
ರಕ್ತನಿಧಿ